ಚಕ್ರದ ಮೇಲಿನ ಮನೆಗೆ ಯಾವ ಊರು? ಅಮೆರಿಕದ ಆರ್‌ವಿ ವಾಸಿಗಳ ಅಧಿವಾಸದ ಪ್ರಶ್ನೆ

ಸ್ವಂತ ಮನೆಯಾಗಲಿ ಬಾಡಿಗೆ ಮನೆಯಾಗಲಿ ಇಲ್ಲದೆ ವರ್ಷವಿಡೀ ಆರ್‌ವಿಯಲ್ಲೇ, ಅಂದರೆ ವಾಸಕ್ಕೆ ಅನುಕೂಲವಿರುವ ವಾಹನದಲ್ಲೇ, ಬದುಕುವವರಿಗೆ ಚಾಲನಾ ಪರವಾನಗಿ ಕೊಡುವಾಗ ಅಮೆರಿಕದ ದಕ್ಷಿಣ ಡಕೋಟ ರಾಜ್ಯ ಒಂದು ಸಣ್ಣ ಚೀಟಿ ಕೇಳುತ್ತ ಬಂದಿದೆ. ಹಿಂದಿನ ಒಂದು ವರ್ಷದೊಳಗೆ ಆ ರಾಜ್ಯದ ಯಾವುದಾದರೂ ಕ್ಯಾಂಪ್‌ಗ್ರೌಂಡಿನಲ್ಲೋ ಹೋಟೆಲಿನಲ್ಲೋ ಒಂದು ರಾತ್ರಿ ತಂಗಿದ್ದಕ್ಕೆ ರಸೀದಿ. ಅದರ ಜೊತೆಗೆ ನಿವಾಸದ ಅಫಿಡವಿಟ್, ಪತ್ರಗಳನ್ನು ಬರಮಾಡಿಕೊಂಡು ಮುಂದಕ್ಕೆ ಕಳಿಸುವ ಅಂಚೆ ರವಾನೆ ಸಂಸ್ಥೆಯೊಂದರ ವಿಳಾಸ. ಇಷ್ಟರಲ್ಲಿ ಅವರು ಆ ರಾಜ್ಯದ ನಿವಾಸಿಗಳಾಗುತ್ತಾರೆ. ಅದೇ ರಾಜ್ಯ 2023ರಲ್ಲಿ ಮತದಾರರ ನೋಂದಣಿಗೆ 30 ದಿನಗಳ ವಾಸದ ಷರತ್ತು ವಿಧಿಸಿತು. ಪರವಾನಗಿಯ ಶುಲ್ಕ ವಸೂಲಿಗೆ ಒಂದು ರಾತ್ರಿಯ ವಾಸ ಸಾಕು, ಮತಕ್ಕೆ ತಿಂಗಳ ವಾಸ ಬೇಕು. ಇದು ಒಂದು ರಾಜ್ಯದ ಆಡಳಿತದಲ್ಲಿ ನುಸುಳಿದ ಅಸಂಗತಿಯಲ್ಲ. ಅಧಿವಾಸದ (ಡೊಮಿಸೈಲ್) ಕಾನೂನು ಅಲೆಮಾರಿ ಬದುಕನ್ನು ಎಂದೂ ನೇರವಾಗಿ ಎದುರಿಸದೆ ಉಳಿದದ್ದರ ಫಲ ಇದು ಎಂಬುದು ಈ ಲೇಖನದ ವಾದ.

ತಮ್ಮನ್ನು ‘ಫುಲ್‌ಟೈಮರ್’ ಎಂದು ಕರೆದುಕೊಳ್ಳುವ ಈ ಜನ ಒಂದೇ ಬಗೆಯವರಲ್ಲ. ಮನೆ ಮಾರಿ ದೇಶ ನೋಡಲು ಹೊರಟ ನಿವೃತ್ತರಿದ್ದಾರೆ, ಲ್ಯಾಪ್‌ಟಾಪಿನಲ್ಲೇ ಉದ್ಯೋಗ ಮಾಡುವ ತರುಣರಿದ್ದಾರೆ. 2008ರ ಆರ್ಥಿಕ ಕುಸಿತದ ನಂತರ ಮನೆ ಉಳಿಸಿಕೊಳ್ಳಲಾಗದೆ ವ್ಯಾನ್ ಹತ್ತಿ, ಸಕ್ಕರೆ ಬೀಟ್ ಕೊಯ್ಲಿನಿಂದ ಉಗ್ರಾಣದ ಕೆಲಸಕ್ಕೆ, ಅಲ್ಲಿಂದ ಕ್ಯಾಂಪ್‌ಗ್ರೌಂಡಿನ ಉಸ್ತುವಾರಿಗೆ ಸಾಗುವ ವೃದ್ಧರೂ ಇದ್ದಾರೆ. ಜೆಸ್ಸಿಕಾ ಬ್ರೂಡರ್ 2017ರ ‘ನೋಮ್ಯಾಡ್‌ಲ್ಯಾಂಡ್’ ಪುಸ್ತಕದಲ್ಲಿ ದಾಖಲಿಸಿದ್ದು ಈ ಮೂರನೆಯವರ ಬದುಕನ್ನು. ಪರವಾನಗಿ, ವಾಹನ ನೋಂದಣಿ, ವಿಮೆ, ಬ್ಯಾಂಕ್ ಖಾತೆ, ತೆರಿಗೆ, ಮತ, ಉಯಿಲು ಎಲ್ಲವೂ ಯಾವುದಾದರೊಂದು ರಾಜ್ಯದ ಹೆಸರಿನಲ್ಲೇ ನಡೆಯಬೇಕಾದ್ದರಿಂದ ಎಲ್ಲರಿಗೂ ಒಂದು ರಾಜ್ಯ ಬೇಕು. ಬಹುಪಾಲು ಜನ ಆರಿಸಿಕೊಳ್ಳುವುದು ದಕ್ಷಿಣ ಡಕೋಟ, ಟೆಕ್ಸಸ್ ಮತ್ತು ಫ್ಲಾರಿಡಾಗಳನ್ನು. ಈ ಮೂರರಲ್ಲೂ ವೈಯಕ್ತಿಕ ಆದಾಯದ ಮೇಲೆ ರಾಜ್ಯ ತೆರಿಗೆಯಿಲ್ಲ. ಮೂರರಲ್ಲೂ ಅಂಚೆ ರವಾನೆ ಬೇರುಬಿಟ್ಟ ಉದ್ಯಮ.

ಕಾನೂನಿನ ಮೂಲತತ್ತ್ವ ಹಳೆಯದು. ವ್ಯಕ್ತಿ ಒಂದು ಸ್ಥಳದಲ್ಲಿ ನಿಜವಾಗಿ ವಾಸಿಸಬೇಕು, ಅದನ್ನೇ ತನ್ನ ಮನೆ ಮಾಡಿಕೊಳ್ಳುವ ಸಂಕಲ್ಪವೂ ಅವನಿಗಿರಬೇಕು. ಎರಡೂ ಕೂಡಿದರೆ ಅಧಿವಾಸ. ಅಮೆರಿಕದ ಸುಪ್ರೀಂ ಕೋರ್ಟ್ ‘ಮಿಚೆಲ್ ವಿರುದ್ಧ ಅಮೆರಿಕ ಸಂಯುಕ್ತ ಸಂಸ್ಥಾನ’ ಪ್ರಕರಣದಲ್ಲಿ ಈ ಮಾತನ್ನು 1874ರಲ್ಲೇ ಹೇಳಿತು. ಅದಕ್ಕೆ ಅಂಟಿಕೊಂಡ ಎರಡು ಉಪನಿಯಮಗಳು ಆರ್‌ವಿ ವಾಸಿಗಳ ಮಟ್ಟಿಗೆ ಮೂಲತತ್ತ್ವಕ್ಕಿಂತ ಮುಖ್ಯ. ಒಂದೇ ಉದ್ದೇಶಕ್ಕೆ ಯಾರಿಗೂ ಏಕಕಾಲದಲ್ಲಿ ಎರಡು ಅಧಿವಾಸಗಳಿರಲಾರವು. ಹೊಸದು ಸಿದ್ಧಿಸುವವರೆಗೆ ಹಳೆಯದು ಅಳಿಯುವುದಿಲ್ಲ. ಎರಡನೆಯದರ ಪರಿಣಾಮ ಗಂಭೀರ. ಕ್ಯಾಲಿಫೋರ್ನಿಯಾದ ಮನೆ ಮಾರಿ ಹೊರಟವನು ಮೂರು ವರ್ಷ ಎಲ್ಲೂ ನಿಲ್ಲದೆ ತಿರುಗಿದರೆ ಕಾನೂನಿನ ಕಣ್ಣಿನಲ್ಲಿ ಅವನಿನ್ನೂ ಕ್ಯಾಲಿಫೋರ್ನಿಯಾದವನು, ಅಲ್ಲಿನ ತೆರಿಗೆಗೆ ಬಾಧ್ಯನು. ಎಲ್ಲಿಯವನೂ ಅಲ್ಲ ಎನ್ನಿಸಿಕೊಳ್ಳುವ ಸ್ವಾತಂತ್ರ್ಯ ಅವನಿಗಿಲ್ಲ.

ಹಾಗಾದರೆ ಸಂಕಲ್ಪವನ್ನು ಘೋಷಿಸಿಬಿಟ್ಟರೆ ಸಾಕೇ? ಸಾಲದು ಎಂಬುದಕ್ಕೆ 1939ರ ‘ಟೆಕ್ಸಸ್ ವಿರುದ್ಧ ಫ್ಲಾರಿಡಾ’ ತೀರ್ಪು ಸಾಕ್ಷಿ. ಜಿಪುಣತನಕ್ಕೆ ಹೆಸರಾಗಿದ್ದ ಹಣಕಾಸುಗಾರ್ತಿ ಹೆಟ್ಟಿ ಗ್ರೀನ್ ಅವರ ಮಗ ಎಡ್ವರ್ಡ್ ಗ್ರೀನ್ 1936ರಲ್ಲಿ ತೀರಿಕೊಂಡಾಗ ಟೆಕ್ಸಸ್, ಫ್ಲಾರಿಡಾ, ನ್ಯೂಯಾರ್ಕ್, ಮ್ಯಾಸಚೂಸೆಟ್ಸ್ ನಾಲ್ಕೂ ಆತ ತಮ್ಮವನೆಂದು ತೆರಿಗೆಗೆ ಕೈಚಾಚಿದವು. ಕೇಂದ್ರದ ತೆರಿಗೆಯನ್ನೂ ಸೇರಿಸಿದರೆ ಒಟ್ಟು ಬೇಡಿಕೆ ಆಸ್ತಿಯನ್ನೇ ಮೀರುತ್ತಿತ್ತು. ತನ್ನ ಊರು ಟೆಕ್ಸಸ್ಸಿನಲ್ಲಿದೆ ಎಂದು ಗ್ರೀನ್ ಪದೇ ಪದೇ ಹೇಳಿಕೊಂಡಿದ್ದರೂ ಬದುಕಿನ ವಾಸ್ತವ ಸಂಗತಿಗಳನ್ನು ತೂಗಿದ ನ್ಯಾಯಾಲಯ ಮ್ಯಾಸಚೂಸೆಟ್ಸ್ ಪರ ನಿಂತಿತು. ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಜಾನ್ ಡೊರಾನ್ಸ್ ಅವರ ಉತ್ತರಾಧಿಕಾರಿಗಳಿಗೆ ಒಂದೇ ತೀರ್ಪಿನಲ್ಲಿ ವಿಷಯ ಮುಗಿಯುವ ಈ ಭಾಗ್ಯವೂ ಇರಲಿಲ್ಲ. 1930ರಲ್ಲಿ ಅವರು ತೀರಿಕೊಂಡ ಮೇಲೆ ಪೆನ್ಸಿಲ್ವೇನಿಯ ಮತ್ತು ನ್ಯೂಜೆರ್ಸಿಯ ನ್ಯಾಯಾಲಯಗಳು ತಂತಮ್ಮ ರಾಜ್ಯವೇ ಅವರ ಅಧಿವಾಸವೆಂದು ತೀರ್ಮಾನಿಸಿದವು, ಎರಡೂ ಕಡೆ ತೆರಿಗೆ ಬಿತ್ತು. ಒಬ್ಬನಿಗೆ ಒಂದೇ ಅಧಿವಾಸ ಎಂಬ ಸೂತ್ರ ಸೂತ್ರವಾಗಿಯೇ ಉಳಿಯಿತು.

ಇವರು ಹಲವು ಬಂಗಲೆಗಳಿದ್ದ ಶ್ರೀಮಂತರು. ಆರ್‌ವಿ ವಾಸಿಗಳಿಗೆ ಇನ್ನೂ ಹತ್ತಿರದ ಪೂರ್ವಸೂರಿಗಳು ‘ವಿಲಿಯಮ್ಸ್ ವಿರುದ್ಧ ಉತ್ತರ ಕೆರೊಲಿನ’ ಪ್ರಕರಣದಲ್ಲಿದ್ದಾರೆ. 1940ರಲ್ಲಿ ಉತ್ತರ ಕೆರೊಲಿನದ ಒಬ್ಬ ಅಂಗಡಿಕಾರ ಮತ್ತು ಅವನ ಗುಮಾಸ್ತನ ಹೆಂಡತಿ ಲಾಸ್ ವೇಗಸ್‌ಗೆ ಹೋಗಿ, ಹೆದ್ದಾರಿ ಬದಿಯ ಅಲಮೊ ಆಟೊ ಕೋರ್ಟ್ ಎಂಬ ತಂಗುದಾಣದಲ್ಲಿ ಇಳಿದುಕೊಂಡರು. ನೆವಾಡ ಕಾನೂನು ಕೇಳುತ್ತಿದ್ದ ಆರು ವಾರಗಳ ವಾಸ ಮುಗಿಸಿ, ತಂತಮ್ಮ ಸಂಗಾತಿಗಳಿಂದ ವಿಚ್ಛೇದನ ಪಡೆದು, ಪರಸ್ಪರ ಮದುವೆಯಾಗಿ ಊರಿಗೆ ಮರಳಿದರು. ಊರಿನಲ್ಲಿ ಅವರ ಮೇಲೆ ದ್ವಿವಿವಾಹದ ಮೊಕದ್ದಮೆ ಕಾದಿತ್ತು. ಅಧಿವಾಸವನ್ನು ಪ್ರಶ್ನಿಸದೆ 1942ರಲ್ಲಿ ಶಿಕ್ಷೆ ರದ್ದುಮಾಡಿದ್ದ ಸುಪ್ರೀಂ ಕೋರ್ಟ್ 1945ರಲ್ಲಿ ಪ್ರಕರಣ ಎರಡನೆಯ ಸಲ ಬಂದಾಗ ಶಿಕ್ಷೆಯನ್ನು ಎತ್ತಿಹಿಡಿಯಿತು. ನೆವಾಡದ ವಾಸ ಪ್ರಾಮಾಣಿಕ ಅಧಿವಾಸವಾಗಿತ್ತೇ ಎಂದು ಪರೀಕ್ಷಿಸುವ ಹಕ್ಕು ಉತ್ತರ ಕೆರೊಲಿನಕ್ಕಿದೆ ಎಂದಿತು. ಒಂದು ರಾಜ್ಯ ಉದಾರವಾಗಿ ಹಂಚುವ ನಿವಾಸಿ ಪಟ್ಟವನ್ನು ಇನ್ನೊಂದು ರಾಜ್ಯ ಕೆದಕಿ ನೋಡಬಹುದು. ಒಂದು ರಾತ್ರಿಯ ರಸೀದಿಯನ್ನು ಕೈಯಲ್ಲಿ ಹಿಡಿದವರು ಮರೆಯಬಾರದ ತೀರ್ಪು ಇದು. ವಿಚ್ಛೇದನ, ಉಯಿಲು, ತೆರಿಗೆಯ ವ್ಯಾಜ್ಯ ಬಂದಾಗ ಆ ರಸೀದಿಯ ನಿಜವಾದ ಪರೀಕ್ಷೆ ನಡೆಯುತ್ತದೆ.

ಆದ್ದರಿಂದಲೇ ಅನುಭವಿ ಫುಲ್‌ಟೈಮರ್‌ಗಳು ಕಾಗದಗಳನ್ನು ಒಂದೇ ಕಡೆ ಜೋಡಿಸುತ್ತಾರೆ. ಹಳೆಯ ರಾಜ್ಯದ ಪರವಾನಗಿ ಒಪ್ಪಿಸುವುದು, ವಾಹನವನ್ನು ಹೊಸ ರಾಜ್ಯದಲ್ಲಿ ನೋಂದಾಯಿಸುವುದು, ಉಯಿಲನ್ನು ಅಲ್ಲಿನ ಕಾನೂನಿನಂತೆ ಹೊಸದಾಗಿ ಬರೆಸುವುದು, ವೈದ್ಯರನ್ನೂ ದಂತವೈದ್ಯರನ್ನೂ ಅಲ್ಲೇ ಗೊತ್ತುಮಾಡಿಕೊಳ್ಳುವುದು, ಜ್ಯೂರಿ ಕರ್ತವ್ಯಕ್ಕೆ ಕರೆ ಬಂದರೆ ಹೋಗುವುದು. ಫ್ಲಾರಿಡಾದಲ್ಲಂತೂ ಅಧಿವಾಸ ಘೋಷಣೆಯನ್ನು ಪ್ರಮಾಣಪೂರ್ವಕ ಬರೆದು ಕೌಂಟಿಯ ನ್ಯಾಯಾಲಯದ ಕಚೇರಿಯಲ್ಲಿ ದಾಖಲಿಸುವ ಏರ್ಪಾಡು ಶಾಸನದಲ್ಲೇ ಇದೆ. ಇದೆಲ್ಲ ಕಪಟವೆಂದು ನನಗನ್ನಿಸುವುದಿಲ್ಲ. ದೇಹ ಎಲ್ಲ ಕಡೆಯೂ ಇರುವಾಗ ಸಂಕಲ್ಪಕ್ಕೆ ಕಾಗದವಲ್ಲದೆ ಬೇರೆ ಸಾಕ್ಷಿ ಎಲ್ಲಿಂದ ಬರಬೇಕು?

ಆದರೆ ಆ ಕಾಗದದ ತಳಹದಿಯಾದ ವಿಳಾಸವೇ 2001ರ ಭಯೋತ್ಪಾದಕ ದಾಳಿಯ ನಂತರ ಸಡಿಲವಾಗಿದೆ. ಅಂಚೆ ರವಾನೆ ಸಂಸ್ಥೆಯನ್ನು ಬಳಸುವವರು ಅಂಚೆ ಇಲಾಖೆಯ 1583ನೇ ನಮೂನೆ ತುಂಬಬೇಕು, ಹಾಗಾಗಿ ಅದು ವಾಣಿಜ್ಯ ವಿಳಾಸವೆಂಬುದು ಗುಟ್ಟಾಗಿ ಉಳಿಯುವುದಿಲ್ಲ. 2003ರಿಂದ ಬ್ಯಾಂಕುಗಳು ಖಾತೆ ತೆರೆಯುವಾಗ ವಾಸದ ಅಥವಾ ವ್ಯವಹಾರದ ಬೀದಿ ವಿಳಾಸ ಕೇಳಲೇಬೇಕು. ಅದಿಲ್ಲದವರು ಹತ್ತಿರದ ಬಂಧುವಿನ ವಿಳಾಸ ಕೊಡಬಹುದೆಂದು ನಿಯಮದಲ್ಲೇ ಇದ್ದರೂ ಬ್ಯಾಂಕಿನ ಕಂಪ್ಯೂಟರ್ ಅದನ್ನು ಒಪ್ಪುತ್ತದೆಂಬ ಭರವಸೆಯಿಲ್ಲ. 2005ರ ರಿಯಲ್ ಐಡಿ ಕಾಯ್ದೆ ಗುರುತಿನ ಚೀಟಿಯನ್ನು ‘ಮುಖ್ಯ ವಾಸಸ್ಥಳ’ಕ್ಕೆ ಕಟ್ಟಿತು. ಹಲವು ಬಾರಿ ಮುಂದೂಡಿ, ವಿಮಾನ ನಿಲ್ದಾಣಗಳಲ್ಲಿ 2025ರ ಮೇ 7ರಿಂದ ಅದರ ಜಾರಿ ಆರಂಭವಾಯಿತು.

ಪೌರತ್ವ ಪಡೆಯದ ವಲಸಿಗರಿಗೆ ಇನ್ನೊಂದು ಗಂಟಿದೆ. ಎಚ್-1ಬಿ ವೀಸಾದಲ್ಲೋ ಗ್ರೀನ್ ಕಾರ್ಡಿನಲ್ಲೋ ಇರುವ ಕನ್ನಡಿಗರು ಈ ಬದುಕಿಗೆ ಮನಸ್ಸು ಮಾಡುವ ಮುನ್ನ ಅರಿತಿರಬೇಕಾದದ್ದು: ವಿಳಾಸ ಬದಲಾದ 10 ದಿನಗಳೊಳಗೆ ವಲಸೆ ಇಲಾಖೆಗೆ ತಿಳಿಸುವುದು ಅವರಿಗೆ ಕಡ್ಡಾಯ. ವಾರಕ್ಕೊಂದು ಊರು ಬದಲಿಸುವವರ ವಿಷಯದಲ್ಲಿ ಅದರ ಅರ್ಥವೇನೆಂಬುದನ್ನು ವಕೀಲರನ್ನು ಕೇಳಿಯೇ ಹೊರಡುವುದು ಕ್ಷೇಮ.

ಕಾನೂನಿನ ದ್ವಂದ್ವ ಅತಿ ಸ್ಪಷ್ಟವಾಗಿ ಕಾಣುವುದು ಗಾಡಿ ಮನೆಯೋ ವಾಹನವೋ ಎಂಬ ಪ್ರಶ್ನೆಯಲ್ಲಿ. ಮಲಗಲು ಜಾಗ, ಅಡುಗೆಗೆ ಅನುಕೂಲ, ಶೌಚಾಲಯ ಮೂರೂ ಇದ್ದರೆ ಕೇಂದ್ರ ತೆರಿಗೆ ಇಲಾಖೆಗೆ ಆರ್‌ವಿ ಮನೆಯೇ. ಅದರ ಸಾಲದ ಬಡ್ಡಿಗೆ ಗೃಹಸಾಲದ ವಿನಾಯಿತಿ ಕೇಳಬಹುದು. ಪೊಲೀಸರಿಗೆ ಮಾತ್ರ ಅದು ವಾಹನ. ಸ್ಯಾನ್ ಡಿಯಾಗೊದಲ್ಲಿ ನಿಲ್ಲಿಸಿದ್ದ ಮೋಟರ್ ಹೋಮ್ ಒಂದನ್ನು ವಾರಂಟ್ ಇಲ್ಲದೆ ಶೋಧಿಸಿದ್ದನ್ನು 1985ರ ‘ಕ್ಯಾಲಿಫೋರ್ನಿಯಾ ವಿರುದ್ಧ ಕಾರ್ನಿ’ ತೀರ್ಪು ಸಕ್ರಮವೆಂದಿತು. ತಕ್ಷಣ ಓಡಿಸಿಕೊಂಡು ಹೋಗಬಹುದಾದ್ದರಿಂದ ಮನೆಗಿರುವ ರಕ್ಷಣೆ ಅದಕ್ಕಿಲ್ಲ ಎಂದರು ಬಹುಮತದ ನ್ಯಾಯಮೂರ್ತಿಗಳು. ದಿಮ್ಮಿಗಳ ಮೇಲೆ ಏರಿಸಿ, ನೀರು ವಿದ್ಯುತ್ ಸಂಪರ್ಕ ಕೊಟ್ಟ ಗಾಡಿಯ ಪ್ರಶ್ನೆಯನ್ನು ಅಡಿಟಿಪ್ಪಣಿಯಲ್ಲಿ ಮುಕ್ತವಾಗಿಟ್ಟರು. ಚಲಿಸುವುದನ್ನು ಬಿಟ್ಟರೆ ಮನೆಯಾಗಬಹುದು ಎಂದಾಯಿತು. ಈ ಬದುಕಿನ ಜೀವಾಳ ಚಲನೆಯೇ ಆಗಿರುವಾಗ ಅದನ್ನು ರಿಯಾಯಿತಿಯೆಂದು ಹೇಗೆ ಎಣಿಸುವುದು? ನ್ಯಾಯಮೂರ್ತಿ ಸ್ಟೀವನ್ಸ್ ಬರೆದ ಭಿನ್ನಮತವೇ ನನಗೆ ಹೆಚ್ಚು ಒಪ್ಪಿಗೆ.

ಮತದ ಪ್ರಶ್ನೆಗೆ ಬಂದರೆ ಪೂರ್ವ ಟೆಕ್ಸಸ್ಸಿನ ಲಿವಿಂಗ್‌ಸ್ಟನ್ ಪಟ್ಟಣವನ್ನು ನೋಡಬೇಕು. 1978ರಲ್ಲಿ ಜೋ ಮತ್ತು ಕೇ ಪೀಟರ್ಸನ್ ದಂಪತಿ ಕಟ್ಟಿದ ಎಸ್ಕೇಪೀಸ್ ಎಂಬ ಆರ್‌ವಿ ಸಂಘದ ಕೇಂದ್ರ ಅಲ್ಲಿದೆ. ಅದರ ಅಂಚೆ ವಿಳಾಸವನ್ನೇ ತಮ್ಮದೆಂದು ಬರೆಯುವ ಸದಸ್ಯರು ಸಾವಿರಾರು, ಪಟ್ಟಣದ ಜನಸಂಖ್ಯೆಯೋ ಆರು ಸಾವಿರದೊಳಗೆ. ಪೋಕ್ ಕೌಂಟಿಯ ಸ್ಥಳೀಯರಲ್ಲಿ ಕೆಲವರು ಈ ಮತದಾರರನ್ನು ಹಿಂದೆಯೇ ಪ್ರಶ್ನಿಸಿದ್ದರು. ಅವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಶಾಲಾ ಮಂಡಳಿಯನ್ನೋ ಕೌಂಟಿಯ ಶೆರಿಫ್‌ನನ್ನೋ ಆರಿಸುವಾಗ, ಅದರ ಫಲ ಉಣ್ಣದ ಜನ ಫಲಿತಾಂಶ ತಿರುಗಿಸುವುದು ಸ್ವಯಮಾಡಳಿತಕ್ಕೆ ಹಿತವಲ್ಲ. ಟೆಕ್ಸಸ್ 2021ರಲ್ಲಿ ಹೊಸ ಶಾಸನ ತಂದು, ವ್ಯಕ್ತಿ ಎಂದೂ ವಾಸಿಸದ ಸ್ಥಳದಲ್ಲಿ ನಿವಾಸ ಸ್ಥಾಪಿಸುವಂತಿಲ್ಲವೆಂದಿತು, ವಾಣಿಜ್ಯ ಅಂಚೆಪೆಟ್ಟಿಗೆಯ ವಿಳಾಸ ಕೊಡುವವರಿಂದ ವಾಸದ ಪುರಾವೆ ಕೇಳಿತು. 2022ರ ಆಗಸ್ಟಿನಲ್ಲಿ ಕೇಂದ್ರದ ಜಿಲ್ಲಾ ನ್ಯಾಯಾಲಯ ಇದರ ಹಲವು ಭಾಗಗಳನ್ನು ಹೊಡೆದುಹಾಕಿತು. ದಾವೆ ಹೂಡಿದವರಿಗೆ ಆ ಅಧಿಕಾರವೇ ಇಲ್ಲವೆಂಬ ಕಾರಣಕ್ಕೆ ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅಕ್ಟೋಬರಿನಲ್ಲಿ ಅದನ್ನು ತಿರುಗಿಸಿತು. ಅಧಿವಾಸದ ಮೂಲಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಉತ್ತರದ ಬೀಜ ಬೇರೆ ಕಡೆ ಇದೆ. 1985ರಲ್ಲೇ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ‘ಕಾಲಿಯರ್ ವಿರುದ್ಧ ಮೆಂಜೆಲ್’ ಪ್ರಕರಣದಲ್ಲಿ, ಸಾಂತಾ ಬಾರ್ಬರಾದ ಉದ್ಯಾನದಲ್ಲಿ ಮಲಗುತ್ತಿದ್ದ ನಿರ್ವಸತಿಗರು ಆ ಉದ್ಯಾನವನ್ನೇ ವಿಳಾಸವಾಗಿ ಕೊಟ್ಟು ಮತದಾರರಾಗಬಹುದೆಂದಿತು. ಬೀದಿಯ ಹೆಸರೂ ಮನೆ ಸಂಖ್ಯೆಯೂ ಇಲ್ಲದವರು ತಮ್ಮ ನೆಲೆಯ ನಕ್ಷೆ ಬಿಡಿಸಲು ರಾಷ್ಟ್ರೀಯ ನೋಂದಣಿ ನಮೂನೆಯಲ್ಲಿ ಒಂದು ಚೌಕವೇ ಇದೆ. ಅಂದರೆ ಗೋಡೆಯಿಲ್ಲದ ನೆಲೆಯನ್ನು ಕಾನೂನು ಒಪ್ಪಿದೆ, ಒಪ್ಪದೆ ಉಳಿದದ್ದು ಚಲಿಸುವ ನೆಲೆಯನ್ನು ಮಾತ್ರ. ವಿದೇಶದಲ್ಲಿರುವ ಅಮೆರಿಕನ್ನರ ವಿಷಯದಲ್ಲಿ ಆ ಅಡ್ಡಿಯೂ ಇಲ್ಲ. 1986ರ ಕೇಂದ್ರ ಕಾಯ್ದೆಯ ಪ್ರಕಾರ, ಪ್ಯಾರಿಸ್‌ನಲ್ಲೋ ಬೆಂಗಳೂರಿನಲ್ಲೋ ಇಪ್ಪತ್ತು ವರ್ಷದಿಂದ ನೆಲೆಸಿದ ಅಮೆರಿಕನ್ ಪ್ರಜೆ, ದೇಶ ಬಿಡುವ ಮುನ್ನ ತನ್ನ ಅಧಿವಾಸವಿದ್ದ ಕ್ಷೇತ್ರದಿಂದ ಅಧ್ಯಕ್ಷ ಮತ್ತು ಕಾಂಗ್ರೆಸ್ ಚುನಾವಣೆಗಳಲ್ಲಿ ಮತ ಹಾಕಬಹುದು. ಅಲ್ಲಿ ಅವನಿಗೆ ಈಗ ಮನೆಯಿರಬೇಕಾಗಿಲ್ಲ, ಒಂದು ರಾತ್ರಿಯ ರಸೀದಿಯನ್ನೂ ಯಾರೂ ಕೇಳುವುದಿಲ್ಲ. ದೇಶ ಬಿಟ್ಟವನಿಗೆ ಸಿಕ್ಕ ಈ ಖಾತರಿ ದೇಶದೊಳಗೇ ತಿರುಗುವವನಿಗೆ ಸಿಗದಿರುವುದಕ್ಕೆ ಸಮರ್ಥನೆ ನನಗೆ ತೋಚಿಲ್ಲ.

ಆದ್ದರಿಂದ ಮತವನ್ನು ಎರಡಾಗಿ ನೋಡುವುದು ನ್ಯಾಯ. ಕೌಂಟಿ ಮತ್ತು ಶಾಲಾ ಮಂಡಳಿಯ ಮತಕ್ಕೆ ರಾಜ್ಯಗಳು 30 ದಿನದ ವಾಸ ಕೇಳಲಿ. 1972ರ ‘ಡನ್ ವಿರುದ್ಧ ಬ್ಲಮ್‌ಸ್ಟೀನ್’ ತೀರ್ಪಿನಲ್ಲಿ ಟೆನಸಿಯ ಒಂದು ವರ್ಷದ ಷರತ್ತನ್ನು ರದ್ದುಮಾಡಿದ ಸುಪ್ರೀಂ ಕೋರ್ಟ್ ಆ 30 ದಿನಗಳನ್ನು ಸಾಕಷ್ಟು ಕಾಲಾವಧಿಯೆಂದೇ ಕಂಡಿತ್ತು. ಕೇಂದ್ರದ ಚುನಾವಣೆಗಳಿಗೆ 1986ರ ಕಾಯ್ದೆಯ ತತ್ತ್ವವನ್ನು ಆರ್‌ವಿ ವಾಸಿಗಳಿಗೂ ವಿಸ್ತರಿಸಬೇಕು. ಇಂಥ ವಿಭಜನೆಯ ಚರ್ಚೆ ದಕ್ಷಿಣ ಡಕೋಟದಲ್ಲೇ ನಡೆದಿದೆ, ಆದರೆ ರಾಜ್ಯಕ್ಕೊಂದು ರೀತಿಯಲ್ಲಿ ಇದನ್ನು ತೀರ್ಮಾನಿಸಲು ಬಿಟ್ಟರೆ ಗೊಂದಲ ಹೆಚ್ಚುತ್ತದೆ. ಇದು ಕಾಂಗ್ರೆಸ್ ಮಾಡಬೇಕಾದ ಶಾಸನ.