ಕ್ಯಾಂಪಿನ ಚರ್ಚು ಹಾಗೇಕಿದೆ?

ಪ್ರತಿ ಡಿಸೆಂಬರಿನಲ್ಲಿ ನಾವು ಬೆಳಗಾವಿ ಕ್ಯಾಂಪಿನ ಸೇಂಟ್ ಮೇರಿ ಚರ್ಚಿನ ಫೋಟೊ ಕಳಿಸುತ್ತೇವೆ. ಅಡಿಬರಹ ಪ್ರತಿ ವರ್ಷ ಒಂದೇ: 'ದೀಪಾಲಂಕಾರದಲ್ಲಿ ಕಂಗೊಳಿಸುತ್ತಿರುವ ಬ್ರಿಟಿಷರ ಕಾಲದ ಚರ್ಚ್'. ಕಳೆದ ಸಲ ಖಾನಾಪುರದ ಓದುಗರೊಬ್ಬರು ಫೋನ್ ಮಾಡಿ, "ಬ್ರಿಟಿಷರ ಕಾಲದ್ದು ಅಂತ ನಮಗೂ ಗೊತ್ತೈತ್ರೀ. ಹಂಗ್ಯಾಕ ಕಟ್ಟ್ಯಾರ, ಅದನ್ನ ಬರೀರಿ" ಅಂದರು. ಇಷ್ಟು ವರ್ಷ ನಾವು ಬರೆದಿರಲಿಲ್ಲ.

1818ರಲ್ಲಿ ಬೆಳಗಾವಿ ಕೋಟೆ ಕಂಪನಿ ಸೈನ್ಯದ ಕೈಸೇರಿತು, ಆಮೇಲೆ ದಂಡು ಬೆಳೆಯಿತು. ಚರ್ಚು ಮುಗಿದದ್ದು 1869ರಲ್ಲಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಅದಕ್ಕೂ ಮೊದಲು ಬ್ರಿಟಿಷರು ಇಲ್ಲಿ ಬೇರೆ ನಮೂನೆಯಲ್ಲಿ ಕಟ್ಟುತ್ತಿದ್ದರು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಗಾಳಿ ಬದಲಾಗಿತ್ತು. ಚರ್ಚೆಂದರೆ ಮಧ್ಯಯುಗದ ಗಾಥಿಕ್ ಶೈಲಿಯೇ ಸರಿ ಎಂದು ಪ್ಯುಜಿನ್ ಎಂಬ ವಾಸ್ತುಶಿಲ್ಪಿ ಹಟ ಹಿಡಿದು ವಾದಿಸಿದ್ದ. ಆ ಹಟವೇ ಹಡಗು ಹತ್ತಿ ಕ್ಯಾಂಪಿಗೂ ಬಂತು.

ಗಾಥಿಕ್ ಕಟ್ಟಡವನ್ನು ಹೊರಗಿನಿಂದ ನೋಡಬೇಕು. ಕಮಾನು ಹೊತ್ತ ಭಾರವನ್ನು ಕೆಳಗಷ್ಟೇ ಇಳಿಸುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ತುದಿ ಚೂಪಾದ ಕಮಾನು ದುಂಡನೆಯದಕ್ಕಿಂತ ಕಡಿಮೆ ತಳ್ಳುತ್ತದೆ. ಉಳಿದ ತಳ್ಳಾಟ ತಡೆಯಲು ಗೋಡೆಗೆ ಹೊರಗಿನಿಂದ ಕಲ್ಲಿನ ಆನಿಕೆ ಕೊಡುತ್ತಾರೆ, ಹಳೆ ಮನೆಯ ವಾಲಿದ ಗೋಡೆಗೆ ನಾವು ತೊಲೆ ಆನಿಸಿದ ಹಾಗೆ. ಆನಿಕೆ ಭಾರ ಹೊತ್ತರೆ ನಡುವಿನ ಗೋಡೆ ಧೈರ್ಯವಾಗಿ ಕೊರೆಯಬಹುದು. ಉದ್ದನೆಯ ಕಿಟಕಿ, ಬಣ್ಣದ ಗಾಜು ಬಂದದ್ದು ಹೀಗೆ.

ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಕದಂಬರ ಭೂವರಾಹ ನರಸಿಂಹ ಗುಡಿಯಿದೆ. ಬೆಳಗಾವಿ ಕೋಟೆಯೊಳಗೆ ರಟ್ಟರ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಕಮಲ ಬಸದಿ. ಅಲ್ಲಿ ಕಮಾನಿನ ಮಾತೇ ಇಲ್ಲ: ಕಂಬ ನಿಲ್ಲಿಸು, ಮೇಲೆ ತೊಲೆ ಇಡು. ಭಾರ ನೆಟ್ಟಗೆ ನೆಲಕ್ಕಿಳಿಯುತ್ತದೆ. ಬಸದಿಯ ಛಾವಣಿಯ ಕಲ್ಲಿನ ಕಮಲ ನೋಡುತ್ತ ನಾವು ಅರ್ಧ ಗಂಟೆ ಕತ್ತೆತ್ತಿ ನಿಂತಿದ್ದೇವೆ. ನಿಜ ಹೇಳಬೇಕೆಂದರೆ, ಕೆತ್ತನೆಯಲ್ಲಿ ಚರ್ಚು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಬಸದಿಯೊಳಗೆ ಕತ್ತಲು. ಬೆಳಕು ಒಳಗೆ ತರುವುದೇ ಗಾಥಿಕ್‌ನವರ ಆಸೆಯಾಗಿತ್ತು.

ಕಡಿದಾದ ಇಳಿಜಾರಿನ ಮಾಡನ್ನು ಮಾತ್ರ ಖಾನಾಪುರದವರಿಗೆ ವಿವರಿಸಬೇಕಿಲ್ಲ. ಕಣಕುಂಬಿ ಕಡೆಯ ಮಳೆ ಕಂಡವರು ಮನೆ ಕಟ್ಟುವುದೂ ಹಾಗೆಯೇ.

ಫೋನ್ ಮಾಡಿದವರಿಗೆ ಇದನ್ನು ಕಳಿಸಿದೆವು. "ಬಸ್ಸಿಗೆ ಬರ್ತೀನ್ರೀ, ಆನಿಕಿ ಎಲ್ಲೈತಿ ತೋರಸ್ರಿ" ಅಂದಿದ್ದಾರೆ.