ಸುಬೇದಾರ್: ಸೀಮೆಯ ಒಡೆತನದಿಂದ ಹೆಗಲ ಪಟ್ಟಿಗೆ

ಭಾರತ ಮತ್ತು ಪಾಕಿಸ್ತಾನಗಳ ಭೂಸೇನೆಗಳಲ್ಲಿ ಇಂದಿಗೂ ಉಳಿದಿರುವ ‘ಸುಬೇದಾರ್’ ಎಂಬ ಪದವು ಹಿಂದೆ ಇಡೀ ಪ್ರಾಂತ್ಯವೊಂದರ ಅಧಿಪತ್ಯವನ್ನು ಸೂಚಿಸುತ್ತಿತ್ತು. ಅಕ್ಬರನು 1580ರಲ್ಲಿ ತನ್ನ ರಾಜ್ಯವನ್ನು 12 ‘ಸುಬಾ’ಗಳಾಗಿ, ಎಂದರೆ ಪ್ರಾಂತ್ಯಗಳಾಗಿ, ವಿಂಗಡಿಸಿದ ಮೇಲೆ ಅವುಗಳ ಮುಖ್ಯಾಧಿಕಾರಿಗೆ ಕ್ರಮೇಣ ಈ ಹೆಸರು ರೂಢಿಯಾಯಿತು. 17ನೆಯ ಶತಮಾನದ ಕೊನೆಗೆ ಮೊಗಲರ ಕೈಸೇರಿದ ಶಿರಾ ಕೂಡ ಅಂಥದೊಂದು ಸುಬಾದ ಆಡಳಿತ ಕೇಂದ್ರವಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯು ಅದೇ ಪದವನ್ನು ತನ್ನ ದೇಶೀ ಸಿಪಾಯಿಗಳ ಹಿರಿಯ ನಾಯಕನಿಗೆ ಅಂಟಿಸಿದಾಗ, ಸೀಮೆಯಾಳುವವನ ಬಿರುದನ್ನು ಹೊತ್ತವನು ಆಗತಾನೇ ಬಂದಿಳಿದ ಎಳೆಯ ಯುರೋಪಿಯನ್ ಅಧಿಕಾರಿಗೂ ಅಧೀನನಾಗಬೇಕಾಯಿತು.

ಅಧಿಕಾರಿಗಳಿಗೂ ಸಿಪಾಯಿಗಳಿಗೂ ನಡುವಣ ಈ ವರ್ಗವನ್ನು ಈಗ ‘ಜೆಸಿಒ’, ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರ್, ಎನ್ನುತ್ತಾರೆ. ಭಾರತೀಯ ಸುಬೇದಾರನ ಹೆಗಲ ಮೇಲೂ ಲೆಫ್ಟಿನೆಂಟನಿಗಿರುವಂತೆ ಎರಡು ನಕ್ಷತ್ರಗಳಿದ್ದು, ಅವುಗಳ ಜೊತೆಗಿರುವ ಕೆಂಪು-ಹಳದಿ ಅಡ್ಡಪಟ್ಟಿಯೊಂದೇ ಇಬ್ಬರ ಅಂತರವನ್ನು ಸಾರುತ್ತದೆ. ಆದರೂ ಮೇಲಧಿಕಾರಿಗಳು ಅವನನ್ನು ‘ಸಾಬ್’ ಎಂದೇ ಕರೆಯುವ ಸಂಪ್ರದಾಯವಿರುವುದು, ಪದ ಕಳೆದುಕೊಂಡ ಗೌರವದಲ್ಲಿ ಒಂದಿಷ್ಟನ್ನು ಮರಳಿಸಿದಂತಿದೆ.

ದೇಶ ವಿಭಜನೆಯಾದಾಗ ಬದಲಾದದ್ದು ಹೆಸರಿಗಿಂತ ಹೆಚ್ಚಾಗಿ ಲಾಂಛನ. ಮೇಜರನ ಹೆಗಲಿನಲ್ಲಿದ್ದ ಬ್ರಿಟಿಷ್ ಕಿರೀಟದ ಜಾಗಕ್ಕೆ ಕಾಲಕ್ರಮದಲ್ಲಿ ಭಾರತದಲ್ಲಿ ಅಶೋಕನ ಸಿಂಹಮುದ್ರೆಯೂ ಪಾಕಿಸ್ತಾನದಲ್ಲಿ ಅರ್ಧಚಂದ್ರ-ನಕ್ಷತ್ರವೂ ಬಂದವು. ಸುಬೇದಾರ್, ಹವಾಲ್ದಾರ್, ನಾಯಕ್ ಎಂಬ ಹೆಸರುಗಳನ್ನು ಎರಡೂ ಕಡೆ ಯಾರೂ ಮುಟ್ಟಲಿಲ್ಲ. ಬಾಂಗ್ಲಾದೇಶದ ಸೇನೆ ಮಾತ್ರ ಮುಂದೆ ಇವನ್ನು ಕೈಬಿಟ್ಟು, ವಾರಂಟ್ ಆಫೀಸರ್, ಸಾರ್ಜೆಂಟ್ ಎಂಬ ಇಂಗ್ಲಿಷ್ ದರ್ಜೆಗಳನ್ನೇ ಆರಿಸಿಕೊಂಡಿತು. ವಸಾಹತುಶಾಹಿಯ ಕುರುಹನ್ನು ಅಳಿಸುವ ಹಂಬಲವೇ ಇಂಥ ಬದಲಾವಣೆಗಳಿಗೆಲ್ಲ ಕಾರಣವೆಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಸುಬೇದಾರನಿಗಿಂತ ಕೆಳಗಿನ ‘ಜಮಾದಾರ್’ ಪದಕ್ಕೆ ಅಷ್ಟು ಅದೃಷ್ಟವಿರಲಿಲ್ಲ. ಉತ್ತರ ಭಾರತದಲ್ಲಿ ಬೀದಿ ಗುಡಿಸುವವರನ್ನೂ ಆ ಹೆಸರಿನಿಂದಲೇ ಕರೆಯುವ ರೂಢಿ ಬೆಳೆದಿತ್ತು. ಭಾರತೀಯ ಸೇನೆ 1965ರಲ್ಲಿ ಅದನ್ನು ‘ನಾಯಬ್ ಸುಬೇದಾರ್’ ಎಂದು ಬದಲಿಸಿತು. ಬ್ರಿಟಿಷರ ಆಳ್ವಿಕೆಗೆ ಒಳಪಡದ ನೇಪಾಳದ ಸೇನೆಯಲ್ಲಿ ಜಮಾದಾರ ಇಂದಿಗೂ ಇದ್ದಾನೆ. ಕರ್ನಾಟಕದಲ್ಲಿ ಇದೇ ಕುಟುಂಬದ ಇನ್ನೊಂದು ಪದ ಬೇರೆಯೇ ದಾರಿ ಹಿಡಿದಿದೆ: ಟ್ಯಾಂಕ್ ರೆಜಿಮೆಂಟಿನಲ್ಲಿ ತೋಳಿನ ಮೇಲೆ ಮೂರು ಪಟ್ಟಿ ಧರಿಸುವ ಹವಾಲ್ದಾರನಿಗೆ ಸಮಾನ ದರ್ಜೆಯವನು ದಫೇದಾರ್, ಜಿಲ್ಲಾಧಿಕಾರಿಯ ಕಚೇರಿಯಲ್ಲಿ ಪೇಟ ಸುತ್ತಿ ಬಾಗಿಲ ಬಳಿ ನಿಲ್ಲುವವನೂ ದಫೇದಾರನೇ.