ಕೋಡಿಮಠದ ಅನ್ನ, ಬ್ಯಾಂಡಿನ ಆಯಸ್ಸು

ಹಳೆಯ ರಾಕ್ ಬ್ಯಾಂಡೊಂದು ಇಪ್ಪತ್ತು ವರ್ಷ ದಾಟಿದ ಮೇಲೂ ಹೊಸ ಆಲ್ಬಂ ತಂದರೆ ನಾವು ಅದರ ಪ್ರತಿಭೆಯನ್ನು ಕೊಂಡಾಡುತ್ತೇವೆ. ಅಷ್ಟು ವರ್ಷ ಆ ತಂಡ ಹೊಟ್ಟೆಗೆ ಏನು ಮಾಡಿತು ಎಂದು ಕೇಳುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಅಂಬ್ಲಿಗೊಳದ ಸೀಮೆಗೆ ಮಾತ್ರ ಈ ಪ್ರಶ್ನೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠವನ್ನು ಬಣ್ಣಿಸುವ 1162ರ ಶಾಸನ, ಅಲ್ಲಿ ವೇದ, ವ್ಯಾಕರಣ, ತರ್ಕಗಳ ಪಾಠ ನಡೆಯುತ್ತಿತ್ತು, ರೋಗಿಗಳಿಗೆ ಮದ್ದು ಸಿಗುತ್ತಿತ್ತು ಎನ್ನುತ್ತದೆ. ಅನ್ನ ಪಡೆಯುವವರ ಸಾಲಿನಲ್ಲಿ ದೀನರು, ಕುರುಡರು, ಕುಂಟರ ಜೊತೆಗೆ ಹಾಡುವವರನ್ನೂ ವಾದ್ಯ ನುಡಿಸುವವರನ್ನೂ ಸೇರಿಸುತ್ತದೆ. ಶಾಸನಗಳು ಹೊಗಳಿಕೆಗೆಂದೇ ಹುಟ್ಟಿದವು, ಅವನ್ನು ಅಕ್ಷರಶಃ ನಂಬಬಾರದು ಎನ್ನಬಹುದು. ಸರಿಯೇ. ಆದರೆ ಯಾವುದರಿಂದ ಕೀರ್ತಿ ಬರುತ್ತದೆಂದು ಒಂದು ಕಾಲ ನಂಬಿತ್ತೋ ಅದು ಹೊಗಳಿಕೆಯಲ್ಲೇ ಸ್ಪಷ್ಟವಾಗಿ ಕಾಣುತ್ತದೆ. ಹಾಡುಗಾರನಿಗೆ ಉಣಬಡಿಸುವುದು ಆ ಕಾಲಕ್ಕೆ ಬಹುಮಾನವಾಗಿರಲಿಲ್ಲ, ಮಠದ ಧರ್ಮವಾಗಿತ್ತು.

ಹಾಡು ಹುಟ್ಟುವುದು ನೋವಿನಿಂದ, ಅನ್ನದಿಂದಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಇದೇ ಬಳ್ಳಿಗಾವಿಯ ಅಲ್ಲಮನನ್ನೇ ಸಾಕ್ಷಿಗೆ ಕರೆಯಬಹುದು. ಹರಿಹರನ 'ಪ್ರಭುದೇವರ ರಗಳೆ'ಯಲ್ಲಿ ಆತ ಮದ್ದಳೆಗಾರ. ಪ್ರೀತಿಸಿದ ಕಾಮಲತೆಯನ್ನು ಕಳೆದುಕೊಂಡು ಹುಚ್ಚನಂತೆ ಅಲೆದ ಮೇಲೆಯೇ ಅವನಿಗೆ ಗುರು ಸಿಗುತ್ತಾನೆ. ಇಂದು 'ಇಮೋ' ಎಂದು ಕರೆಯುವ ರಾಕ್ ಸಂಗೀತದ ಬಂಡವಾಳವೂ ಇಂಥ ಬಿಚ್ಚುಮನಸ್ಸಿನ ದುಃಖವೇ. ಆದರೆ ಅದೇ ಕಥೆಯಲ್ಲಿ ಶೋಕಕ್ಕೆ ಮೊದಲು ಮದ್ದಳೆಯಿದೆ, ಮದ್ದಳೆಗೆ ದೇವಾಲಯದ ಆಸರೆಯಿದೆ. ನೋವು ಯಾರಿಗೂ ಬರಬಹುದು, ಕೈಗೆ ತಾಳ ಬರಲು ವರ್ಷಗಳು ಬೇಕು. ದುಃಖವೊಂದೇ ಸಾಕಾಗಿದ್ದರೆ ಇಮೋ ಬ್ಯಾಂಡುಗಳು ಬೇಗ ಚದುರುತ್ತಿರಲಿಲ್ಲ. ವಾಷಿಂಗ್ಟನ್ನಿನ 'ರೈಟ್ಸ್ ಆಫ್ ಸ್ಪ್ರಿಂಗ್' 1985ರಲ್ಲಿ ಒಂದೇ ಆಲ್ಬಂ ತಂದು ಮರುವರ್ಷ ಮುಗಿದುಹೋಯಿತು. ಇಲಿನಾಯ್ಸ್‌ನ 'ಅಮೆರಿಕನ್ ಫುಟ್‌ಬಾಲ್' 1999ರ ಮೊದಲ ಆಲ್ಬಮ್ಮಿನ ನಂತರ ಒಡೆಯಿತು. ಎರಡನೆಯದು ಬಂದದ್ದು 2016ರಲ್ಲಿ.

ನಮ್ಮಲ್ಲಿ ಉಳಿದ ತಂಡಗಳ ಚರಿತ್ರೆಯೂ ಹಾಡಿಗೆ ಆಸರೆ ಬೇಕೆಂಬುದನ್ನೇ ಹೇಳುತ್ತದೆ. 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ 'ಥರ್ಮಲ್ ಅಂಡ್ ಎ ಕ್ವಾರ್ಟರ್' 2020ರಲ್ಲಿ 'ಎ ವರ್ಲ್ಡ್ ಗಾನ್ ಮ್ಯಾಡ್' ಹೊರತಂದಿತು. ನಡುವೆ ಆ ತಂಡ 'ಟಾಕಾಡೆಮಿ' ಎಂಬ ಸಂಗೀತಶಾಲೆಯನ್ನು ತೆರೆದು ಪಾಠ ಹೇಳತೊಡಗಿತ್ತು. ಅಂದರೆ ತನ್ನ ಮಠವನ್ನು ತಾನೇ ಕಟ್ಟಿಕೊಂಡಿತು. ಇಂಗ್ಲಿಷಿನ ಹಾಡಿಗೆ ನಮ್ಮ ಪರಂಪರೆಯೇಕೆ ಎನ್ನುವವರು ಕನ್ನಡದ ಉದಾಹರಣೆಯನ್ನೇ ನೋಡಲಿ. 1978ರ 'ನಿತ್ಯೋತ್ಸವ' ಧ್ವನಿಸುರುಳಿಯಲ್ಲಿ ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ರಾಗದಲ್ಲಿ ಮನೆಮನೆ ತಲುಪಿದವು. ಕ್ಯಾಸೆಟ್ ಕೊಂಡ ಜನರೇ ಸುಗಮ ಸಂಗೀತದ ಪೋಷಕರಾದರು. ಕ್ಯಾಸೆಟ್ಟಿನ ಕಾಲ ಹೋಯಿತು, ಅದರ ಜೊತೆಗೆ ಆ ಪೋಷಣೆಯೂ ಹೋಯಿತು. ಮೊಬೈಲಿನಲ್ಲಿ ಹಾಡು ಪುಕ್ಕಟೆ ಸಿಗುವ ಈ ಹೊತ್ತಿನಲ್ಲಿ ಹಾಡುಗಾರನಿಗೆ ಉಳಿದಿರುವುದು ಹೆಚ್ಚಾಗಿ ವೇದಿಕೆಯ ಸಂಭಾವನೆಯೇ. ಶಿಕಾರಿಪುರ, ಸೊರಬದ ಜಾತ್ರೆ, ಉತ್ಸವಗಳ ಸಮಿತಿಯವರಲ್ಲಿ ಒಂದೇ ಕೋರಿಕೆ: ಸ್ವಂತ ಹಾಡು ಕಟ್ಟುವ ತಂಡವೊಂದನ್ನು ಪ್ರತಿವರ್ಷ ಕರೆಯಿರಿ, ಸಿನಿಮಾ ಹಾಡನ್ನೇ ಹಾಡಿ ಎಂದು ಒತ್ತಾಯಿಸಬೇಡಿ, ಸಂಭಾವನೆಯನ್ನು ಅದೇ ರಾತ್ರಿ ಕೈಗೆ ಕೊಟ್ಟು ಕಳಿಸಿ.